ಅತ್ತೆಯ ಹೊಸ್ತಿಲಲ್ಲಿ ನಿರ್ಜಲ ಧರಣಿ

ಬಿಸಿಲಿಗೆ ಹೆದರುವ ಜಾಯಮಾನ ನನ್ನದಲ್ಲ. ಲಾಠಿ ತಿಂದ ಬೆನ್ನು ಇದು, ಜೈಲಿನ ಸೊಳ್ಳೆಗಳಿಗೆ ಧಾರಾಳವಾಗಿ ರಕ್ತದಾನ ಮಾಡಿದ ಮೈ ಇದು! ಎಂಥೆಂಥ ಅಧಿಕಾರಿಗಳನ್ನು ಕುರ್ಚಿಯಿಂದ ಎಬ್ಬಿಸಿದವನಿಗೆ ಒಬ್ಬ ಅತ್ತೆಯನ್ನು ಮಹಡಿಯಿಂದ ಇಳಿಸುವುದು ಯಾವ ಮಹಾ!

ನನ್ನ ಹೆಂಡತಿಯ ತಾಯಿ ಇರುವುದು ತಾರಸಿ ಮೇಲಿನ ತಗಡಿನ ಕೋಣೆಯಲ್ಲಿ. ಊರಿಗೆ ಊರೇ ಕಾದ ಬಾಣಲೆಯಾಗಿತ್ತು, ಆ ಕೋಣೆ ಬಾಣಲೆಯ ನಡುಮಧ್ಯ. ವಯಸ್ಸಾದವರನ್ನು ತಂಪಾದ ಕಡೆ ಇರಿಸಿ, ಬಾಯಾರದಿದ್ದರೂ ನೀರು ಕುಡಿಸಿ ಎಂದು ಮೈಕಿನ ಗಾಡಿ ಬೀದಿಬೀದಿ ಕೂಗಿಕೊಂಡು ತಿರುಗುತ್ತಿತ್ತು. ಅತ್ತೆ ಮಾತ್ರ ಕೆಳಗಿಳಿಯಲೊಲ್ಲರು.

ನನ್ನವಳು ಬಸ್ ಕಂಡಕ್ಟರ್. ಅವತ್ತು ಡ್ಯೂಟಿಗೆ ಹೊರಡುವಾಗ ಹೇಳಿದಳು: "ರೀ, ಅಮ್ಮನಿಗೆ ಆಗಾಗ ನೀರು ಕೊಡ್ತಾ ಇರಿ. ಬಿಸಿಲೇರೋದ್ರೊಳಗೆ ಹೇಗಾದ್ರೂ ಕೆಳಗೆ ಕರ್ಕೊಂಡು ಬನ್ನಿ. ಮೆತ್ತಗೆ ಕೇಳಿ."

"ಕೇಳೋದೇನು, ಇಳಿಸಿಯೇ ತೋರಿಸ್ತೀನಿ!"

ಒಂದು ದೊಡ್ಡ ಚೊಂಬು ನೀರು ಹಿಡಿದು ಮೇಲೆ ಹೋದೆ. ಅತ್ತೆ ಮಂಚದ ಮೇಲೆ ಕೂತು ಹಳೇ ಸೀರೆಯ ಅಂಚು ಹೊಲಿಯುತ್ತಿದ್ದರು. ಮೆತ್ತಗೆ ಕೇಳುವುದು ನನ್ನ ಸಿಲಬಸ್ಸಿನಲ್ಲೇ ಇಲ್ಲ. ಹೊಸ್ತಿಲ ಮೇಲೆ ಚಕ್ಕಳಮಕ್ಕಳ ಹಾಕಿ ಘೋಷಿಸಿದೆ:

"ಅತ್ತೆ, ನೀವು ಕೆಳಗೆ ಬರೋವರೆಗೂ ಇಲ್ಲಿಂದ ಕದಲಲ್ಲ. ಒಂದು ತೊಟ್ಟು ನೀರೂ ಮುಟ್ಟಲ್ಲ!"

ಅತ್ತೆ ಸೂಜಿಗೆ ದಾರ ಪೋಣಿಸುತ್ತ ಹೇಳಿದರು: "ಹಂಗಾದ್ರೆ ನಾನೂ ಮುಟ್ಟಲ್ಲ."

"ನೀವ್ಯಾಕೆ?"

"ಅಳಿಯ ಬಾಯಾರಿ ಕೂತಿರೋವಾಗ ನನಗೆ ನೀರು ಗಂಟಲಲ್ಲಿ ಇಳಿಯುತ್ತಾ? ನೀವು ಕುಡೀರಿ, ನಾನೂ ಕುಡೀತೀನಿ."

"ಇದು ಬ್ಲ್ಯಾಕ್‌ಮೇಲ್ ಅತ್ತೆ!"

"ಮತ್ತೆ ನೀವು ಮಾಡ್ತಿರೋದೇನಪ್ಪ?"

"ಹೋರಾಟ!"

ಆಗಲೇ ಚೊಂಬು ಎತ್ತಿ ಗಟಗಟ ಕುಡಿದಿದ್ದರೆ ಕಥೆ ಮುಗಿಯುತ್ತಿತ್ತು. ಕುಡಿಯಲಿಲ್ಲ. ಧರಣಿ ಅರ್ಧಕ್ಕೇ ಬಿಟ್ಟವನು ಎಂಬ ಹೆಸರು ಬೇಕೇ? ಅದೂ ಅತ್ತೆಯ ಎದುರು! ನೀರು ಕುಡಿಸಲು ಹೋದವನು ಇದ್ದ ನೀರನ್ನೂ ಬಿಡಿಸಿದೆ. ಸಾಲದ್ದಕ್ಕೆ, ತಂಪು ಜಾಗದ ಮಹತ್ವ ಕುರಿತು ಭಾಷಣ ಬೇರೆ ಶುರುಮಾಡಿದೆ. ನಡುವೆ ಇದ್ದ ಚೊಂಬು ಇಬ್ಬರ ಮುಖವನ್ನೂ ನೋಡುತ್ತ ಬಿಸಿಯಾಗುತ್ತಿತ್ತು.

ನೆತ್ತಿಯ ಮೇಲೆ ತಗಡು ಚಟಚಟ ಅನ್ನತೊಡಗಿತು. ನನ್ನ ನಾಲಿಗೆ ಒಣಗಿ ಚಪ್ಪಲಿಯಾಯಿತು. ಅತ್ತೆಯ ಕೈಯಿಂದ ಸೂಜಿ ಜಾರಿತು. ಸ್ವಲ್ಪ ಹೊತ್ತಿಗೆ ಅವರ ಹಣೆಯ ಬೆವರೂ ನಿಂತಿತು. 'ಓಹೋ, ಮುದುಕಿಗೆ ಒಗ್ಗಿತು' ಅಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

"ಅಂಗಡಿ ಬಾಗಿಲು ಹಾಕಿದ್ರಾ?" ಅಂದರು ಅತ್ತೆ.

ನಮಗೆ ಅಂಗಡಿ ಇಲ್ಲ. ಇದ್ದದ್ದು ಮಾವನಿಗೆ, ಮಾವ ಹೋಗಿ ಎಷ್ಟೋ ಕಾಲವಾಯಿತು. 'ವಿಷಯಾಂತರ ಮಾಡುವ ತಂತ್ರ!' ಎಂದುಕೊಂಡು ಗಟ್ಟಿಯಾಗಿ ಕೂತೆ.

ಮೆಟ್ಟಿಲ ಮೇಲೆ ನನ್ನವಳ ಕಾಲಸಪ್ಪಳ ಕೇಳುವ ಹೊತ್ತಿಗೆ ಅತ್ತೆ ಗೋಡೆಗೆ ವಾಲಿದ್ದರು. ನಾನು ಗಾಬರಿಬಿದ್ದು ಚೊಂಬನ್ನು ಅವರ ತುಟಿಗೆ ಹಿಡಿಯಹೋದೆ.

"ಬಾಯಿಗೆ ಹುಯ್ಯಬೇಡ್ರೀ, ಎಚ್ಚರ ಇಲ್ಲ ಅಮ್ಮನಿಗೆ, ಉಸಿರಿಗೆ ಹತ್ತುತ್ತೆ! ಮೈಗೆ ಹುಯ್ಯಿರಿ! ಕಾಲು ಹಿಡೀರಿ!"

ಕೆಳಗಿಳಿಸಿದೆವು. ಹೌದು, ನನ್ನ ಬೇಡಿಕೆ ಈಡೇರಿತು. ಅತ್ತೆ ಕೆಳಗೆ ಬಂದರು, ಹೆಣದ ಹಾಗೆ. ಒದ್ದೆ ಸೀರೆ ಹೊದಿಸಿ ಗಾಳಿ ಬೀಸುತ್ತ ಆಸ್ಪತ್ರೆಗೆ ಓಡಿದೆವು.

ಅವರಿಗೊಂದು ಡ್ರಿಪ್, ಪಕ್ಕದ ಮಂಚದಲ್ಲಿ ನನಗೊಂದು. ಡಾಕ್ಟರಮ್ಮ ಕೇಳಿದರು: "ಇನ್ನೊಂಚೂರು ತಡ ಆಗಿದ್ರೆ ಕೈಮೀರ್ತಿತ್ತು. ಇವರಿಗೆ ನೀರು ಸಿಗ್ಲಿಲ್ವಾ?"

"ಕಣ್ಣೆದುರಿಗೇ ಇತ್ತು," ಅಂದಳು ನನ್ನವಳು. ನನ್ನ ಕಡೆ ನೋಡಲಿಲ್ಲ. ಲಾಠಿಯ ಬಾಸುಂಡೆ ವಾರದಲ್ಲಿ ಮಾಯುತ್ತದೆ. ಆ ಮಾತು ಇನ್ನೂ ಹಸಿಯಾಗಿಯೇ ಇದೆ.

ಸಂಜೆ ಅತ್ತೆ ಕಣ್ಣು ಬಿಟ್ಟರು. "ತಪ್ಪಾಯ್ತು ಅತ್ತೆ" ಅಂದೆ. ಇನ್ನೂ ನಾಲ್ಕು ವಾಕ್ಯ ಬಾಯಿಯ ತನಕ ಬಂದಿದ್ದವು. ಅಷ್ಟರಲ್ಲಿ ನನ್ನವಳು ತಾಯಿಯ ತಲೆ ಸವರುತ್ತ ಮೆತ್ತಗೆ ಕೇಳಿದಳು:

"ಅಮ್ಮಾ, ಕೆಳಗೆ ಬರೋಕೆ ನಿನಗೇನು ಕಷ್ಟ?"

ಇಷ್ಟು ಸಣ್ಣ ಪ್ರಶ್ನೆ. ಬೆಳಗಿನಿಂದ ಎದುರಿಗೇ ಕೂತಿದ್ದ ನನಗೆ ಹೊಳೆದಿರಲಿಲ್ಲ.

ಅತ್ತೆ ನನ್ನನ್ನೊಮ್ಮೆ ನೋಡಿ, ಮಗಳ ಕಡೆ ತಿರುಗಿದರು. "ಬಿಸಿಲಾದ್ರೂ ಸಂಜೆಗೆ ನಿಲ್ಲುತ್ತೆ ಕಣೇ. ನಿನ್ನ ಗಂಡನ ಮಾತು ನಿಲ್ಲುತ್ತಾ?"

ಈಗ ಅತ್ತೆ ಕೆಳಗೇ ಇದ್ದಾರೆ, ಫ್ಯಾನಿನ ಅಡಿಯಲ್ಲಿ. ಯಾರೂ ಹೇಳದೆಯೇ ನೀರು ಕುಡಿಯುತ್ತಾರೆ. ಅವರು ಇಟ್ಟ ಷರತ್ತು ಒಂದೇ, ನಾನು ಬಾಯಿ ಬಿಡಬಾರದು. ಅದಕ್ಕೇ ನೋಡಿ, ಇದನ್ನೆಲ್ಲ ನಿಮಗೆ ಬರೆದು ಹೇಳುತ್ತಿದ್ದೇನೆ!