ಗುಡ್ಡ ಹತ್ತಿದ ಗಂಜಿ

ನಮ್ಮ ಮಾವ ಹೊಟ್ಟೆಗೆ ಅಂತ ತಿಂದೋರಲ್ಲ, ಪರೀಕ್ಷೆಗೆ ಅಂತ ತಿಂದೋರು! ನಾನು ಸೊಸೆಯಾಗಿ ಊರಿಗಾಮಿನ ಚಿನ್ನದ ಗಣಿ ಕೂಲಿಗಳ ಲೈನ್ ಮನೆಗೆ ಬಂದ ಮೇಲೆ ಅವರಿಗೆ ಎಷ್ಟು ಬಟ್ಟಲು ಗಂಜಿ ಕಾಯಿಸಿಕೊಟ್ಟಿದೀನೋ ಆ ದೇವರಿಗೇ ಗೊತ್ತು. ಉಪ್ಪು ಹೆಚ್ಚಾಯಿತು, ಕಮ್ಮಿಯಾಯಿತು, ಚೆನ್ನಾಗಿದೆ, ಬಾಯಿಗಿಡೋ ಹಾಗಿಲ್ಲ, ಊಹೂಂ, ಒಂದು ಮಾತು ಆಡಿದೋರಲ್ಲ. ಒಂದು ದಿನ ಉಪ್ಪು ಹಾಕೋದನ್ನೇ ಮರೆತೆ. ಕುಡಿದು, ಬಟ್ಟಲು ಕೆಳಗಿಟ್ಟು, ಎದ್ದು ಹೋದರು. ಇನ್ನೊಂದು ದಿನ ಬೇಕು ಅಂತಲೇ ಎರಡು ಸಲ ಹಾಕಿದೆ. ಅದನ್ನೂ ಕುಡಿದರು! ಇಂಥಾ ಮಾವ ಸಿಗಕ್ಕೆ ಪುಣ್ಯ ಮಾಡಿರಬೇಕು ಅಂತ ಲೈನಿನ ಹೆಂಗಸರು ಅನ್ನೋರು. ಪುಣ್ಯವೋ ಏನೋ. ನನಗೆ ಮಾತ್ರ ದಿನಾ ಬೆಳಿಗ್ಗೆ ಕಂಬಕ್ಕೆ ಅಭಿಷೇಕ ಮಾಡಿದ ಹಾಗಿರ್ತಿತ್ತು.

ಅವರು ಗಣಿಯೊಳಗೆ ಬಂಡೆ ಕೊರೆಯೋ ಕೆಲಸದಲ್ಲಿದ್ದೋರು. ಬೆಳಿಗ್ಗೆ ಒಂದು ಲೋಟ ಕರೀ ಕಾಫಿ ಕುಡಿದು ಇಳಿದರೆ, ಮೇಲೆ ಬಂದ ಮೇಲೇ ಅನ್ನ. ಮೀಸೆ ನರೆಯೋವರೆಗೂ ಹಾಗೇ ಇಳಿದರು. ಆಮೇಲೆ ಕೆಮ್ಮು ಹಿಡೀತು. ಕಲ್ಲಿನ ಧೂಳು ಎದೆಯಲ್ಲಿ ಕೂತಿದೆ, ಇನ್ನು ಇಳಿಯಬೇಡ ಅಂದರು ಗಣಿ ಆಸ್ಪತ್ರೆಯವರು. ಮನೆಗೆ ಬಂದು ಕೂತರು. ಅವರ ಒಬ್ಬನೇ ಮಗ, ಅಂದರೆ ನಮ್ಮ ಯಜಮಾನರು, ಅದೇ ಗಣಿ ಬಾವಿಗೆ ಇಳಿಯಕ್ಕೆ ಶುರು ಮಾಡಿದರು.

ಮಾವನ ತಲೆಗೆ ಹುಳ ಹೊಕ್ಕಿದ್ದು ಆವಾಗ.

"ನಾನು ಕೆಟ್ಟಿದ್ದು ಧೂಳಿಂದ ಅಲ್ಲ ಕಣಮ್ಮ, ಬರೀ ಒಟ್ಟೆಯಿಂದ. ಬೆಳಿಗ್ಗೆ ಸರಿಯಾದ್ದು ಬಿದ್ರೆ ಅದು ಒಳಗಿಂದ ಎದೆಗೆ ಸಾರಿಸ್ದಂಗೆ ನಿಲ್ತದೆ. ಸೆಗಣಿ ಹಾಕಿ ಸಾರಿಸಿದ ನೆಲದಲ್ಲಿ ಧೂಳೇಳ್ತದಾ? ಅಂಗೇ. ಯಾವ ಕಾಳು ಅಂತ ಕಂಡಿಡೀಬೇಕು. ಕಂಡಿಡುದ್ರೆ ನನ್ ಮಗ ಉಳ್ಕೋತಾನೆ."

"ಹೊಟ್ಟೆ ಬೇರೆ, ಎದೆ ಬೇರೆ ಅಲ್ವಾ ಮಾವ?"

"ನೀನು ಗಣಿಯೊಳಗೆ ಇಳಿದಿದೀಯಾ?"

"ಇಲ್ಲ."

"ಮತ್ತೆ ಸುಮ್ಕಿರು."

ಗಂಡಸರು ಕೆಲಸ ಬಿಟ್ಟು ಮನೇಲಿ ಕೂತರೆ ಏನಾದರೂ ಒಂದು ಹಿಡ್ಕೋತಾರೆ. ಕೆಲವರು ಕುಡಿಯೋದು ಹಿಡ್ಕೊಂಡರು, ಕೆಲವರು ಭಜನೆ ಹಿಡ್ಕೊಂಡರು. ಇವರು ಗಂಜಿ ಹಿಡ್ಕೊಂಡರು. ನಷ್ಟ ಏನು?

ಪರೀಕ್ಷೆ ಹೇಗೆ ಅಂತೀರಾ? ನಮ್ಮ ಲೈನಿನ ಹಿಂದೆ ಸೈನೈಡ್ ಗುಡ್ಡ ಇತ್ತು. ಗುಡ್ಡ ಅಂದರೆ ದೇವರು ಮಾಡಿದ್ದಲ್ಲ. ಚಿನ್ನ ತೆಗೆದುಕೊಂಡು ಮಿಕ್ಕಿದ ಬೂದು ಮರಳು ಸುರಿದೂ ಸುರಿದೂ ಆದದ್ದು. ಅದರ ಮೇಲೆ ಹುಲ್ಲು ಕೂಡ ಹುಟ್ಟುತ್ತಿರಲಿಲ್ಲ. ಮಾವ ಗಂಜಿ ಕುಡಿದು ಅದನ್ನ ಹತ್ತೋರು. ಉಸಿರು ಕಟ್ಟಿದ ಕಡೆ ಕೂತುಬಿಡೋರು. ಕೂತ ಕಡೆ ಒಂದು ಕಲ್ಲು ಇಡೋರು, ಮಾರನೇ ದಿನ ಎಲ್ಲಿ ಕೂತರೋ ಅದನ್ನ ಅಲ್ಲಿಗೆ ಸರಿಸೋರು. ಒಂದು ಅಮಾಸೆಯಿಂದ ಇನ್ನೊಂದು ಅಮಾಸೆವರೆಗೆ ಒಂದೇ ಕಾಳು. ಅಮಾಸೆ ದಿನ ಕಲ್ಲು ಎಲ್ಲಿತ್ತೋ ಅದು ಆ ಕಾಳಿನ ಜಾಗ.

ಮೊದಲನೇದು ರಾಗಿ. ಅದಕ್ಕೆ ಇಟ್ಟ ಕಲ್ಲು ನಮ್ಮ ಹಳೇ ರಾಗಿಕಲ್ಲಿನ ಒಡೆದ ಚೂರು, ಅಂಚಲ್ಲಿ ಗೂಟದ ತೂತಿನ ಅರ್ಧ ಕಾಣ್ತಿತ್ತು. ಅದು ಹೆಚ್ಚುಕಡಿಮೆ ಗುಡ್ಡದ ನೆತ್ತಿಗೇ ಹೋಗಿ ಕೂತಿತು. ಆವತ್ತಿಂದ ನಮ್ಮ ಯಜಮಾನರಿಗೆ ಪಾಳಿಗೆ ಹೋಗೋ ಮೊದಲು ದಿನಾ ರಾಗಿ ಅಂಬಲಿ. ಇನ್ನೂ ಒಳ್ಳೇದು ಸಿಗೋವರೆಗೆ ಇದೇ ಅಂತ ಮಾವನ ಕಟ್ಟಪ್ಪಣೆ.

ಎರಡನೇದು ನವಣೆ. ಅರಿಶಿಣ ಬಳಿದ ಕಲ್ಲು. ಕೇರಿ, ಕುಟ್ಟಿ, ಹೊಟ್ಟು ಹಾರಿಸಿ ನನ್ನ ತೋಳು ಬಿದ್ದುಹೋಯಿತು. ಎದುರು ಮನೆ ತಮಿಳು ಅಕ್ಕ ಬಾಗಿಲಲ್ಲಿ ನಿಂತು ದಿನಾ ಕೇಳೋಳು. "ತಾತಾ, ಇನ್ನಿಕ್ಕಿ ಎನ್ನ ಕಂಜಿ?"

"ನವಣೆ ಗಂಜಿ ಕಣಮ್ಮ."

"ನವಣೆ ಕುಡಿದು ಗುಡ್ಡ ಹತ್ತೋ ಬದಲು ನಲ್ಲಿಯಿಂದ ನೀರು ತರಬಾರದಾ? ನಿನ್ ಸೊಸೆಗಾದ್ರೂ ಪುಣ್ಯ ಬರ್ತದೆ."

"ನೀರು ತರೋದ್ರಾಗೆ ಅಳತೆ ಸಿಗಲ್ಲಮ್ಮ. ದಾರೀಲಿ ನಿಮ್ಮಂತೋರು ಮಾತಾಡಿಸ್ತಾರೆ."

ನವಣೆ ಕಲ್ಲು ರಾಗಿಗಿಂತ ಕೆಳಗೇ ನಿಂತಿತು. ರಾಗಿ ಗೆದ್ದಿತು ಅಂತ ಮಾವ ಮೀಸೆ ತಿರುವಿದರು, ತಾವೇ ಬೆಳೆದವರ ಹಾಗೆ!

ಸಾಮೆ ಬೇಕು ಅಂದರು. ಒಳ್ಳೇ ಸಾಮೆ ಬಂಗಾರಪೇಟೆಯಲ್ಲೇ ಸಿಗೋದು ಅಂದರು. ನನ್ನ ತವರೂ ಆ ಕಡೆಯೇ, ಪೇಟೆಯಿಂದ ನಡೆದು ಹೋಗುವಷ್ಟು ದೂರದ ಹಳ್ಳಿ. ಹಾಗಾಗಿ ನಾನೂ ಬೇಡ ಅನ್ನಲಿಲ್ಲ. ರೈಲಲ್ಲಿ ಹೋದೆವು. ಮಂಡಿಯಲ್ಲಿ ಮಾವ ಒಂದೊಂದು ಮೂಟೆಗೂ ಕೈ ಹಾಕಿ, ಮೂಸಿ, ನಾಕು ಕಾಳು ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಅಗಿಯೋರು. ಶೆಟ್ಟರು ನೋಡಿದರು, ನೋಡಿದರು.

"ಯಜಮಾನ್ರೇ, ಕೊಳ್ಳಕ್ಕೆ ಬಂದ್ರಾ, ಮೇಯಕ್ಕೆ ಬಂದ್ರಾ?"

"ಶೆಟ್ರೇ, ಒಂದು ಮಾತು ನಿಜ ಏಳಿ. ಈ ಸಾಮೆ ತಿಂದೋನು ಎಷ್ಟು ದೂರ ಓಯ್ತಾನೆ?"

"ಟಿಕೇಟು ತಗೊಂಡ್ರೆ ಮದ್ರಾಸಿಗೂ ಓಯ್ತಾನೆ!"

ಅಂಗಡಿ ತುಂಬಾ ನಗು. ಮಾವ ನಗಲಿಲ್ಲ. ಮಗನ ಎದೆ ವಿಷಯ ಅವರಿಗೆ ನಗೋ ವಿಷಯ ಆಗಿರಲಿಲ್ಲ. ವಾಪಸ್ಸು ಬರೋವಾಗ ಸ್ಟೇಷನ್ನಿನ ಮೆಟ್ಟಿಲಲ್ಲಿ ಕೂತರು. ಎದ್ದು ನಾಕು ಹೆಜ್ಜೆ ಹಾಕಿ ಮತ್ತೆ ಕೂತರು. "ಮೂಟೆ ಬಾರ ಕಣಮ್ಮ" ಅಂದರು.

ಮೂಟೆ ನನ್ನ ತಲೆ ಮೇಲಿತ್ತು.

ಸಾಮೆಗೆ ಕೆಮ್ಮಣ್ಣಿನ ಕಲ್ಲು. ನವಣೆಗಿಂತ ಕೆಳಗೆ. ಆಮೇಲೆ ಅಕ್ಕಿ ಗಂಜಿ, ಅದಕ್ಕೆ ಸುಣ್ಣದ ಕಲ್ಲು. ಸಾಮೆಗಿಂತ ಕೆಳಗೆ. "ಅಕ್ಕಿ ಸೋಮಾರಿ ಕಾಳು. ಒಟ್ಟೇಲಿ ಬಿದ್ದ ತಕ್ಷಣ ಮಲಗ್ತದೆ" ಅಂತ ತೀರ್ಪು ಕೊಟ್ಟರು. ಲೈನಿನಲ್ಲಿ ಅಕ್ಕಿ ಉಣ್ಣೋ ಮನೆಯವರಿಗೆಲ್ಲ ಸಿಟ್ಟು ಬಂತು.

ಅಷ್ಟರಲ್ಲಿ ನಮ್ಮ ಯಜಮಾನರಿಗೆ ಹಲ್ಲುಜ್ಜುವಾಗ ಒಣ ಕೆಮ್ಮು ಶುರುವಾಗಿತ್ತು. ಅಪ್ಪನಿಗೆ ಕೇಳಬಾರದು ಅಂತ ಬಾಯಿಗೆ ಟವಲು ಒತ್ತಿಕೊಳ್ಳೋರು. ಮಾವ ಒಳಗೆ ಕೂತು ಗೋಡೆ ನೋಡೋರು. ಮಾರನೇ ದಿನ ಮಗನ ಬಟ್ಟಲಿನ ಅಂಬಲಿ ಇನ್ನೂ ಗಟ್ಟಿಯಾಗಿರಬೇಕು ಅಂತ ನನಗೆ ಅಪ್ಪಣೆ ಆಗೋದು.

ಲೈನಿನ ಕೊನೇ ಮನೆಯವನು ಗಣಿಯ ಇಂಗ್ಲಿಷ್ ದೊರೆ ಬಂಗಲೆಯಲ್ಲಿ ಅಡುಗೆಯವನು. ಮಾವನ ಹುಚ್ಚು ಅವನ ಕಿವಿಗೂ ಬಿದ್ದಿತ್ತು. ಒಂದು ದಿನ ತಗಡಿನ ಡಬ್ಬಿ ತಂದ. "ಓಟ್ಸು ಅಂತ. ದೊರೆ ಬೆಳಿಗ್ಗೆ ತಿನ್ನೋದು ಇದೇ. ಸೀಮೆಯಿಂದ ಹಡಗಲ್ಲಿ ಬರ್ತದೆ. ಹುಳ ಬಿದ್ದಿದೆ, ಬಿಸಾಕು ಅಂದ್ರು ದೊರೆಸಾನಿ. ನಿಮಗೆ ಆಗಲಿ ಅಂತ ತಂದೆ." ಡಬ್ಬಿ ಬಿಚ್ಚಿ ನೋಡಿದೆ. ಬಡಗಿ ಮರ ಹೆರೆದಾಗ ಉದುರೋ ಸಿಪ್ಪೆ ಇದ್ದ ಹಾಗಿತ್ತು. ಹುಳ ಆರಿಸಿ, ಬೇಯಿಸಿ, ಸಾಸಿವೆ, ಹಸಿಮೆಣಸಿನಕಾಯಿ, ಈರುಳ್ಳಿ ಹಾಕಿ ಒಗ್ಗರಣೆ ಕೊಟ್ಟೆ. ಅಡುಗೆಯವನು ಹಣೆ ಚಚ್ಚಿಕೊಂಡ.

"ಅಯ್ಯೋ ತಾಯಿ! ಅದಕ್ಕೆ ಹಾಲು ಸಕ್ಕರೆ ಹಾಕಬೇಕು!"

"ಹಾಲು ಸಕ್ಕರೆ ಹಾಕಿದ್ರೆ ಮರದ ಸಿಪ್ಪೇನೂ ತಿನ್ನಬಹುದು ಬಿಡಣ್ಣ."

ಮಾವ ಅದನ್ನೂ ಕುಡಿದರು. ಮಸಿ ಬಳಿದ ಕಲ್ಲು ಹಿಡ್ಕೊಂಡು ಹೊರಟರು. ಅಮಾಸೆ ಹೊತ್ತಿಗೆ ಆ ಕಲ್ಲು ಗುಡ್ಡದ ಬುಡದಲ್ಲಿತ್ತು. ಲೈನಿಗೆ ಲೈನೇ ನೋಡಲು ಬಂತು. ಮಾವ ಜಗಲಿ ಮೇಲೆ ಕೂತು, ಉಸಿರು ಎಳೆದುಕೊಂಡು ಎಳೆದುಕೊಂಡು, ಎಲ್ಲರಿಗೂ ಕೇಳೋ ಹಾಗೆ ಹೇಳಿದರು. "ದೊರೆಗಳು ಯಾವಾಗ್ಲೂ ಕುದ್ರೆ ಮ್ಯಾಲೆ ಯಾಕೆ ಕೂತಿರ್ತಾರೆ ಅಂತ ಈಗ ಗೊತ್ತಾಯ್ತು. ಇದು ತಿಂದ್ರೆ ನಡೆಯಕ್ಕಾಗಲ್ಲ!"

ಎದುರು ಮನೆ ಅಕ್ಕ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ನಾನೂ ನಕ್ಕೆ. ನಗದೆ ಏನು ಮಾಡೋದು?

ಅಲ್ಲಿಗೆ ಪರೀಕ್ಷೆ ಮುಗೀತು ಅಂದುಕೊಂಡೆ. ಇಲ್ಲ! ನ್ಯಾಯ ನ್ಯಾಯವೇ, ಗೆದ್ದ ಕಾಳನ್ನ ಇನ್ನೊಂದು ಸಲ ನೋಡಬೇಕು ಅಂದರು. "ಓಗಿ ಆ ರಾಗಿ ಕಲ್ಲು ತಗೊಂಬಾರಮ್ಮ."

ಹೋದೆ. ಅದುವರೆಗೆ ನಾನು ಆ ಗುಡ್ಡ ಹತ್ತಿದೋಳಲ್ಲ. ಬುಡದಲ್ಲಿ ಮಸಿ ಕಲ್ಲು. ಮರಳಲ್ಲಿ ಕಾಲು ಹೂತು ಹೂತು ಹತ್ತಿದೆ, ಸುಣ್ಣದ ಕಲ್ಲು ಸಿಕ್ಕಿತು. ಇನ್ನೂ ಹತ್ತಿದೆ, ಕೆಮ್ಮಣ್ಣಿಂದು. ಅದರ ಮೇಲೆ ಅರಿಶಿಣದ್ದು. ನೆತ್ತಿಯಲ್ಲಿ ರಾಗಿದು. ಅಲ್ಲಿ ನಿಂತು ಕೆಳಗೆ ನೋಡಿದೆ. ಮೊದಲು ತಿಂದದ್ದು ಮೇಲೆ, ಕೊನೆಗೆ ತಿಂದದ್ದು ಕೆಳಗೆ. ಒಂದೂ ಹಿಂದೆ ಮುಂದೆ ಇಲ್ಲ. ಮೆಟ್ಟಿಲು ಇಳಿದ ಹಾಗೆ ಸಾಲಾಗಿದ್ದವು. ರಾಗಿ ಗೆದ್ದಿರಲಿಲ್ಲ. ಓಟ್ಸೂ ಸೋತಿರಲಿಲ್ಲ. ಇಳೀತಿದ್ದದ್ದು ಮಾವ.

ಕಲ್ಲು ಸೆರಗಲ್ಲಿ ಕಟ್ಟಿಕೊಂಡು ಇಳಿದೆ. ಮಾವನ ಪಕ್ಕ ಇಟ್ಟೆ. ಕಂಡದ್ದನ್ನ ಹೇಳಿ ಏನಾಗಬೇಕು?

ಮಾರನೇ ಬೆಳಿಗ್ಗೆ ಯಜಮಾನರು ಪಾಳಿಗೆ ಹೋದ ಮೇಲೆ ಅಂಬಲಿ ಕಾಯಿಸಿಕೊಟ್ಟೆ. ಮಾವ ಕುಡಿದರು. ರಾಗಿ ಕಲ್ಲು ಕೈಗೆ ತಗೊಂಡು ಎದ್ದರು. ಬಾಗಿಲವರೆಗೆ ಬಂದರು. ಬಾಗಿಲ ಚೌಕಟ್ಟು ಹಿಡ್ಕೊಂಡು ನಿಂತರು. ಹೊರಗೆ ಒಂದು ಕಾಲು ಇಡಕ್ಕೆ ಹೋಗಿ, ಆಗಲಿಲ್ಲ, ಹೊಸ್ತಿಲ ಪಕ್ಕ ಕುಸಿದು ಕೂತರು. ಬಹಳ ಹೊತ್ತು ಉಸಿರು ಬರಲಿಲ್ಲ. ನಾನು ಬೆನ್ನು ನೀವಿದೆ. ಉಸಿರು ಬಂದ ಮೇಲೆ ಗುಡ್ಡದ ಕಡೆ ಒಂದು ಸಲ ನೋಡಿದರು, ಕೈಯಲ್ಲಿದ್ದ ಕಲ್ಲನ್ನ ನೋಡಿದರು. ಆಮೇಲೆ ಅದನ್ನ ಹೊಸ್ತಿಲ ಮೇಲೆ ಇಟ್ಟರು.

"ರಾಗಿದೇನೂ ತಪ್ಪಿಲ್ಲ ಕಣಮ್ಮ."

"ಗೊತ್ತು ಮಾವ."

"ಕಲ್ಲು ತೆಗೀಬ್ಯಾಡ. ಅವನು ಬರ್ಲಿ."

ಮಧ್ಯಾಹ್ನ ಗಣಿ ಸೈರನ್ನು, ನಮ್ಮ ಲೈನಿನ ಮಾತಲ್ಲಿ ಸಂಗು, ಊದಿತು, ಪಾಳಿ ಬಿಟ್ಟಿತು. ನಮ್ಮ ಯಜಮಾನರು ಬಂದರು, ಒಳಗೆ ಬರೋವಾಗ ಕಾಲಿಗೆ ಕಲ್ಲು ತಾಕಿ ಎಡವಿದರು.

"ಯಾರಿದು ಬಾಗಿಲಲ್ಲಿ ಕಲ್ಲಿಟ್ಟಿರೋದು?" ಬಗ್ಗಿ ಕೈಗೆತ್ತಿಕೊಂಡರು. ಗೂಟದ ತೂತು ನೋಡಿ ಗುರುತು ಹಿಡಿದರು. "ಇದು ರಾಗೀದಲ್ವಾ? ಮೇಲಿತ್ತಲ್ಲ?"

"ಇವತ್ತು ಅಲ್ಲೀಗಂಟ ಬಂತು" ಅಂದರು ಮಾವ.

ಅಪ್ಪ ಮಗ ಇಬ್ಬರೂ ಆ ಕಲ್ಲನ್ನೇ ನೋಡಿಕೊಂಡಿದ್ದರು. ನಮ್ಮ ಯಜಮಾನರಿಗೆ ಕೆಮ್ಮು ಬಂತು. ಟವಲು ಬಾಯಿಗೆ ಹೋಯಿತು.

"ಟವಲು ತೆಗೀಲಾ" ಅಂದರು ಮಾವ. "ದಿನಾ ಕೇಳಿಸ್ತದೆ ನಂಗೆ. ಎಲ್ಲಾ ತಿಂದು ನೋಡ್ದೆ ಕಣ್ಲಾ. ಅದನ್ನ ತಡೆಯೋ ಕಾಳು ಯಾವುದೂ ಇಲ್ಲ. ಇನ್ನು ಕೆಳಗೆ ಇಳೀಬ್ಯಾಡ. ಮ್ಯಾಲೆ ಬಂದ್ಬುಡು."

"ಬಂದು ಏನು ಮಾಡ್ಲಿ ಅಪ್ಪ?"

ಇದು ಗಂಡಸರನ್ನ ಕೇಳೋ ಪ್ರಶ್ನೆ ಅಲ್ಲ. ನಾನೇ ಹೇಳಿದೆ. "ನಮ್ಮ ತವರೂರಲ್ಲಿ ಎಮ್ಮೆ ಕಟ್ಟೋಣ. ಬಂಗಾರಪೇಟೆ ಹೋಟ್ಲುಗಳಿಗೆ ಹಾಲು ಬೇಕೇ ಬೇಕು. ನನಗೆ ಕರೆಯಕ್ಕೆ ಬರ್ತದೆ. ನೀವು ಹೊತ್ಕೊಂಡು ಹೋಗಕ್ಕೆ ಕಲೀರಿ."

ಅವರು ಅಪ್ಪನ ಪಕ್ಕ ಬಂದು ಕೂತರು. ಕಲ್ಲು ಕೈಯಲ್ಲೇ ಇತ್ತು.

ಮಾರನೇ ದಿನ ಬೆಳಿಗ್ಗೆ ಸಂಗು ಊದಿತು. ಲೈನಿನ ಬಾಗಿಲುಗಳೆಲ್ಲ ತೆಗೆದವು, ಗಂಡಸರೆಲ್ಲ ಹೊರಟರು. ನಮ್ಮ ಯಜಮಾನರು ಅಪ್ಪನ ಪಕ್ಕದಲ್ಲಿ ಗೋಡೆಗೊರಗಿ ಕೂತೇ ಇದ್ದರು. ಎರಡನೇ ಸಂಗೂ ಊದಿತು. ಏಳಲಿಲ್ಲ. ಹೊರಗೆ ಸದ್ದು ಅಡಗಿತು. ನಾನು ಅಂಬಲಿ ಬಗ್ಗಿಸಿ ಇಬ್ಬರ ಮುಂದೂ ಇಟ್ಟೆ.

ಮಾವ ಬಟ್ಟಲು ಎತ್ತಿದರು. ಬಾಗಿಲ ಕಡೆ ನೋಡಲಿಲ್ಲ, ಗುಡ್ಡದ ಕಡೆ ನೋಡಲಿಲ್ಲ. ಮಗ ಕುಡಿಯೋದನ್ನ ನೋಡಿದರು, ಆಮೇಲೆ ತಾವೂ ಒಂದು ಗುಟುಕು ಕುಡಿದರು. ಬಾಯಲ್ಲೇ ಇಟ್ಟುಕೊಂಡು, ನಿಧಾನವಾಗಿ ನುಂಗಿ, ನನ್ನ ಕಡೆ ತಿರುಗಿದರು.

"ಉಪ್ಪು ಒಂಚೂರು ಜಾಸ್ತಿ ಆಗೈತೆ ಕಣಮ್ಮ."

ನಾನು ಒಂದು ಸೌಟು ಬಿಸಿನೀರು ತಂದು ಬಟ್ಟಲಿಗೆ ಬೆರೆಸಿಕೊಟ್ಟೆ.