ಯೂರಿಕೇಸೂ ಊರ ಕೆಸವೂ

ಹೋದ ಸೋಮವಾರ ಬೆಳಿಗ್ಗೆ ನನ್ನ ಬಲಗಾಲಿನ ಹೆಬ್ಬೆರಳು ನನ್ನಿಂದ ಪ್ರತ್ಯೇಕ ರಾಜ್ಯ ಕೇಳಿತು. ಟೊಮೇಟೊ ಬಣ್ಣ, ಕುಂಬಳಕಾಯಿ ಗಾತ್ರ. ಫ್ಯಾನಿನ ಗಾಳಿ ತಾಕಿದ್ದಕ್ಕೇ ನಾನು ಕಿರುಚಿದ್ದು ಹೇಮಾವತಿಯ ಆಚೆ ದಡಕ್ಕೆ ಕೇಳಿ, ಅಲ್ಲಿಯ ಎಮ್ಮೆಗಳು ಉತ್ತರ ಕೊಟ್ಟವು.

ಹೊಳೆನರಸೀಪುರದ ಡಾಕ್ಟರು ರಕ್ತ ನೋಡಿ, "ಗೌಟು. ಯೂರಿಕ್ ಆಮ್ಲ ಹರಳುಗಟ್ಟಿ ಕೀಲಲ್ಲಿ ಕೂತಿದೆ. ಅದನ್ನ ಒಡೆಯೋಕೆ ಯೂರಿಕೇಸ್ ಅಂತ ಒಂದು ಕಿಣ್ವ ಇದೆ. ನಾಯಿಗಿದೆ, ಹಸುವಿಗಿದೆ, ಮನುಷ್ಯರಿಗಿಲ್ಲ. ಮಾತ್ರೆ ತಗೊಳ್ಳಿ, ಮಾಂಸ, ಬಾಡು ಎಲ್ಲಾ ಬಿಡಿ" ಎಂದರು.

ಬಾಡು ಬಿಡುವುದೇ? ಭಾನುವಾರ ಹಳೇಕೋಟೆಯಲ್ಲಿ ಭಾಮೈದ ಚಲುವಯ್ಯನ ಮಗಳ ಬೀಗರೂಟ. ನನ್ನ ನಾಲಿಗೆ ನಿಶ್ಚಿತಾರ್ಥದ ದಿನದಿಂದಲೇ ಉಪವಾಸವಿತ್ತು.

ಬಾಗಿಲಲ್ಲೇ ಕಾಮಾಕ್ಷಮ್ಮ (ಮದುವೆಯಾಗಿ ನಲವತ್ತು ವರ್ಷ, ಮೇಲ್ಮನವಿಗೆ ಅವಕಾಶವಿಲ್ಲ) ತಡೆದಳು.

"ಏನಂದ್ರು ಡಾಕ್ಟ್ರು?"

"ಏನಿಲ್ಲ ಕಣೆ. ಮೈಯಾಗೆ ಯೂರಿಕೇಸ್ ಇಲ್ವಂತೆ."

"ಊರ್ ಕೆಸ್ವಾ? ಅದುಕ್ಯಾಕೆ ಅಂಗೆ ಮೊಕ ಮಾಡ್ಕಂಡಿದ್ದೀರಿ? ನಾಲೆ ಪಕ್ಕ ಬೇಕಾದಷ್ಟು ಬೆಳ್ದೈತೆ."

ತಿದ್ದಬಹುದಿತ್ತು. ತಿದ್ದಿದರೆ ಬಾಡಿನ ಗುಟ್ಟು ಹೊರಬೀಳುತ್ತಿತ್ತು. ಹೂಂಗುಟ್ಟಿದೆ.

ಅಂದಿನಿಂದ ಮೂರು ಹೊತ್ತೂ ಕೆಸವಿನೆಲೆಯ ಸಾರು, ಕೆಸವಿನ ದಂಟಿನ ಪಲ್ಯ. ಹುಣಸೆಹುಳಿ ಬೀಳದ ಕೆಸ ಎಂದರೆ ಗಂಟಲೊಳಗೆ ಸಾವಿರ ಕಂಬಳಿಹುಳುಗಳ ಮೆರವಣಿಗೆ.

"ಒಸಿ ಹುಳಿ ಬಿಡ್ಬಾರ್ದೇನೆ?"

"ಹುಳಿ ಬಿಟ್ರೆ ಔಸ್ದಿ ಗುಣ ಓಯ್ತದೆ. ಸುಮ್ಕೆ ಉಣ್ಣಿ."

ಕೂತರೆ ಗಂಟಲು, ಎದ್ದರೆ ಹೆಬ್ಬೆರಳು. ಕುಂಟಿಕೊಂಡು ಕೆರೆದುಕೊಂಡು ನಾನು ತಿರುಗಿದ ತಿರುಗಾಟಕ್ಕೆ ಹಜಾರದ ನೆಲ ಸವೆದು ಪಾಯದ ಕಲ್ಲು ಕಾಣಿಸಿತು. ಎಲ್ಲವನ್ನೂ ಸಹಿಸಿದೆ, ಭಾನುವಾರಕ್ಕಾಗಿ.

ಭಾನುವಾರ ಬಂತು. ಎಲೆ ಬಂತು, ಮುದ್ದೆ ಬಂತು, ಸಾರಿನ ಜೊತೆ ನನ್ನ ಕಿರುಬೆರಳುದ್ದದ ನಲ್ಲಿಮೂಳೆಯೊಂದು ಠಣ್ಣನೆ ಬಿತ್ತು. ಕೈ ಹಾಕಬೇಕು, ಅಷ್ಟರಲ್ಲಿ ಪಕ್ಕದಿಂದ ಬಳೆಯ ಕೈಯೊಂದು ಅದನ್ನು ಎತ್ತಿಕೊಂಡು, ಎಲೆಯ ಮೇಲೆ ಸ್ಟೀಲ್ ಡಬ್ಬಿ ಮಗುಚಿತು. ಕೆಸ.

"ಡಾಕ್ಟ್ರು ಬಾಡು ಬ್ಯಾಡ ಅಂದಿಲ್ಲ ಕಣೆ."

"ಅಂದವ್ರೆ. ಸ್ವಾಮಾರ ಸಂಜೆನೇ ಫೋನ್ ಮಾಡಿ ಕೇಳ್ದೆ. ನೀವು ಬಾಯ್ಬಿಡ್ಲಿ ಅಂತ ಕಾಯ್ತಿದ್ದೆ. ನೀವು ಬಾಯ್ಬಿಟ್ಟಿದ್ರೆ ನಾನು ಹುಳಿ ಬಿಡ್ತಿದ್ದೆ."

ಎಲೆಯ ಸಾಲೇ ನಕ್ಕಿತು. ಶಾಮಿಯಾನದಾಚೆ ಬಾಲ ಆಡಿಸುತ್ತಿದ್ದ ಕಂತ್ರಿ ನಾಯಿಗೆ ಅವಳು ನನ್ನ ಮೂಳೆಯನ್ನು ಎಸೆದಳು.

"ಅದು ತಿನ್ಲಿ ಬಿಡಿ. ಅದುಕ್ಕೈತೆ, ನಿಮ್ ಊರ್ ಕೆಸ."