ಒಂದೊಂದೇ ಪೆಟ್ಟು

ಹಗ್ಗ ಹರಿಯುವುದಕ್ಕೆ ವರ್ಷದಲ್ಲಿ ಐವತ್ತೆರಡು ಭಾನುವಾರಗಳಿದ್ದವು. ಅದು ಆರಿಸಿಕೊಂಡದ್ದು ಮೇಲ್ವಿಚಾರಕ ಸಾಹೇಬರು ಸಭೆಯ ತಲೆ ಎಣಿಸಲು ಬರುವ ಭಾನುವಾರವನ್ನು. ಚರ್ಚಿನ ಗಂಟೆಯ ನಾಲಿಗೆಯೂ ಹಗ್ಗದ ಜೊತೆಗೇ ಕಳಚಿ ಬೋಧಕ ಗಂಗಾರಾಮನ ಕಾಲಬಳಿ ಬಿತ್ತು.

ಕೃಷ್ಣೆಯ ದಂಡೆಯ ಆ ಊರಲ್ಲಿ ಗಂಗಾರಾಮ ಹತ್ತೊಂಬತ್ತು ವರ್ಷದಿಂದ ಬೋಧಕ. ಮೊದಲು ಅರವತ್ತು ಜನ ಕೂಡುತ್ತಿದ್ದರು. ಕೆಲವರು ಇಚಲಕರಂಜಿಯ ಮಗ್ಗಕ್ಕೆ ಹೋದರು, ಕೆಲವರು ಮಣ್ಣಿಗೆ, ಉಳಿದವರು ಟಿವಿಯ ಮುಂದೆ. ಈಗ ಬೋಧಕನನ್ನೂ ಸೇರಿಸಿ ಏಳು. ಇಪ್ಪತ್ತಕ್ಕಿಂತ ಕಡಿಮೆಯಿದ್ದರೆ ಬಾಗಿಲಿಗೆ ಬೀಗ ಹಾಕಿ ರಾಯಬಾಗದ ಸಭೆಗೆ ಸೇರಿಸುವುದಾಗಿ ಕಾಗದ ಬಂದಿತ್ತು. ವಾರವಿಡೀ ಅವನು ಮನೆಮನೆ ತಿರುಗಿ ಸುವಾರ್ತೆ ಹೇಳಿದ. ಜನ ಒಳ್ಳೆಯವರು. ಚಹಾ ಕೊಟ್ಟರು, ತಲೆದೂಗಿದರು, ತಮ್ಮ ಮೊಣಕಾಲು ನೋವಿನ ಕತೆಯನ್ನೂ ಹೇಳಿದರು.

ಬೀಗಕ್ಕಿಂತ ಅವನನ್ನು ಹೆಚ್ಚು ಕಾಡುತ್ತಿದ್ದುದು ಕಾಳವ್ವನಿಗೆ ಕೊಟ್ಟ ಮಾತು. ಎಂಬತ್ತು ದಾಟಿದ ಆ ಮುದುಕಿಗೆ ಹಿಂದೆಮುಂದೆ ಯಾರೂ ಇರಲಿಲ್ಲ. "ನಾ ಸತ್ತ ದಿನ ಈ ಚರ್ಚಿನ ಬಾಗಲ ತೆರದಿರಬೇಕಪಾ. ಗಂಟಿ ಬಾರಸು. ಊರೆಲ್ಲಾ ನನ್ನ ಮಣ್ಣಿಗೆ ಬರ್ಲಿ. ಬದುಕಿದ್ದಾಗಂತೂ ಯಾರೂ ನನ್ನ ಹೊಸ್ತಿಲಾ ತುಳೀಲಿಲ್ಲ," ಎಂದಿದ್ದಳು. ಅವನು ಆಗಲಿ ಎಂದಿದ್ದ.

ಹಗ್ಗಕ್ಕಾಗಿ ಅಳುತ್ತ ಕೂಡುವ ಹೊತ್ತಲ್ಲ. ಗಂಗಾರಾಮ ಏಣಿ ಹಾಕಿ ಸುತ್ತಿಗೆ ಹಿಡಿದು ಹತ್ತಿದ. ಗಂಟೆಗೆ ಒಂದು ಪೆಟ್ಟು ಹೊಡೆದರೆ ಏಣಿ ಅಲ್ಲಾಡುತ್ತಿತ್ತು. ತೊಲೆ ಹಿಡಿದು ಸುಧಾರಿಸಿಕೊಂಡು ಮತ್ತೊಂದು ಪೆಟ್ಟು ಹೊಡೆಯುತ್ತಿದ್ದ.

ಭಾನುವಾರದ ಗಂಟೆ ಹಗ್ಗ ಜಗ್ಗಿ ಗಲಗಲ ಬಾರಿಸುವುದು; ಸಾವಿನ ಗಂಟೆ ಸುತ್ತಿಗೆಯಿಂದ ಒಂದೊಂದೇ ಪೆಟ್ಟು. ಸಾವಿನ ಗಂಟೆ ಕೇಳಿದರೆ ಜಾತಿ ನೋಡದೆ ಮನೆಗೊಬ್ಬರು ಬರಬೇಕು, ಮಣ್ಣಾಗುವ ತನಕ ಊರಲ್ಲಿ ಶುಭಕಾರ್ಯ ಮಾಡಬಾರದು. ಊರಿನ ಕೂಸಿಗೂ ಗೊತ್ತಿದ್ದ ಈ ಪದ್ಧತಿ, ಏಣಿಯ ಮೇಲೆ ಜೀವ ಕೈಯಲ್ಲಿ ಹಿಡಿದಿದ್ದ ಗಂಗಾರಾಮನೊಬ್ಬನಿಗೇ ಮರೆತುಹೋಯಿತು.

ಇಳಿಯುವಷ್ಟರಲ್ಲಿ ಅಂಗಳ ತುಂಬಿತ್ತು. ದ್ರಾಕ್ಷಿ ತೋಟದ ತವನಪ್ಪ ಔಷಧಿ ಹೊಡೆಯುವ ಪಂಪು ಬೆನ್ನಿಂದ ಇಳಿಸುತ್ತಿದ್ದ. ಕಬ್ಬಿನ ಗದ್ದೆಯ ಕಾಕಾಸಾಹೇಬ ಚೆಂಡುಹೂವಿನ ದಪ್ಪ ಹಾರ ಹಿಡಿದು ನಿಂತಿದ್ದ. ವಾರದ ದುಡಿಮೆ ಫಲ ಕೊಟ್ಟಿತೆಂದು ಗಂಗಾರಾಮನ ಕಣ್ಣು ತುಂಬಿದವು.

"ಯಾವಾಗ ಆತ್ರಿ, ಬೋಧಕರ?" ಕಾಕಾಸಾಹೇಬ ಮೆಲ್ಲಗೆ ಕೇಳಿದ.

"ಇನ್ನೂ ಸುರು ಆಗಿಲ್ರಿ. ಬರ್ರಿ, ಒಳಗ ಕುಂಡ್ರ್ರಿ."

"ಕಾಳವ್ವಾಯಿನ ಹೌದಲ್ರಿ, ಹೋದಾಕಿ?"

ಗಂಗಾರಾಮ ಹಾರ ನೋಡಿದ, ತನ್ನ ಕೈಯ ಸುತ್ತಿಗೆ ನೋಡಿದ. ಅಷ್ಟರಲ್ಲಿ ಸಾಹೇಬರ ಜೀಪು ಬಂದು ನಿಂತಿತು. ನಿಜ ಹೇಳಲು ಒಂದೇ ಮಾತು ಸಾಕಿತ್ತು. ಎಣಿಕೆ ಮುಗಿಯಲಿ, ಆಮೇಲೆ ಹೇಳಿದರಾಯಿತೆಂದು ಅವನು ಅದನ್ನು ನುಂಗಿಕೊಂಡ.

ಒಳಗೆ ಕಾಳವ್ವ ಮುಂದಿನ ಬೆಂಚಿನಲ್ಲಿ ಗಟ್ಟಿಮುಟ್ಟಾಗಿ ಕುಳಿತಿದ್ದಳು. ಕಾಕಾಸಾಹೇಬನ ಕೈಯ ಹಾರ ಅರ್ಧಕ್ಕೇ ನಿಂತಿತು. ಗಂಗಾರಾಮ ಅದನ್ನು ಕಸಿದುಕೊಂಡು ಸಾಹೇಬರ ಕೊರಳಿಗೆ ಹಾಕಿ, "ಊರವರ ಪ್ರೀತಿರಿ, ಸಾಹೇಬ್ರ," ಎಂದ. ಹಾಗಾದರೆ ಸತ್ತವರು ಯಾರೆಂದು ಸೂತಕದಲ್ಲಿ ಕೇಳುವುದು ಸರಿಯಲ್ಲವೆಂದು ಎಲ್ಲರೂ ತಲೆ ತಗ್ಗಿಸಿ ಕುಳಿತರು. ಪ್ರಾರ್ಥನೆಗೆ ಹೆಂಗಸರು ರೂಢಿಯಂತೆ ಕಣ್ಣೊರೆಸಿಕೊಂಡರು.

ಸಾಹೇಬರು ಎರಡು ಸಲ ಎಣಿಸಿದರು. ಎಂಬತ್ತಾರು. "ಇಂಥ ಭಕ್ತಿಯನ್ನು ನಾನು ಎಲ್ಲಿಯೂ ಕಂಡಿಲ್ಲ, ಗಂಗಾರಾಮ. ಬೀಗದ ಮಾತು ಮರೆತುಬಿಡಿ," ಎಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು, ಹೆಣದ ಹಾರ ಹಾಕಿಕೊಂಡೇ ಅಥಣಿಯ ಕಡೆ ಹೊರಟರು.

"ಹೆಣ ಎಲ್ಲೈತ್ರಿ?" ತವನಪ್ಪ ಕೇಳಿದ.

ಗಂಗಾರಾಮ ಆಗ ನಿಜ ಹೇಳಿದ. ಯಾರೂ ನಗಲಿಲ್ಲ.

"ನಿಪ್ಪಾಣಿಯವರು ನಮ್ಮ ಹುಡುಗಿ ಪ್ರಾಜಕ್ತಾನ ನೋಡಾಕ ಬಂದಿದ್ರು," ಎಂದ ಕಾಕಾಸಾಹೇಬ. "ಊರಾಗ ಸಾವಾಗೈತಿ, ಇವತ್ತ ಬ್ಯಾಡ ಅಂತ ಬಸ್ ಸ್ಟ್ಯಾಂಡಿನ್ಯಾಗಿಂದನ ತಿರುಗಿಸಿ ಕಳಿಸೀನಿ. ಇನ್ನ ಅವರು ಬರ್ತಾರೇನ್ರಿ? ಗಂಟಿ ತಪ್ಪಿ ಬಾರ್ಸಿದ್ರಿ, ಅದನ್ನ ಬಿಡ್ತೀನಿ. ಜೀಪ ಬಂದಾಗ ಸುಮ್ನಿದ್ರಲ್ಲ, ಅದನ್ನ ಹ್ಯಾಂಗ ಬಿಡ್ಲಿ?"

ಹತ್ತೊಂಬತ್ತು ವರ್ಷ ಸತ್ಯದ ಮೇಲೆ ಪ್ರಸಂಗ ಮಾಡಿದ ಬಾಯಿ ಗಂಗಾರಾಮನದು. ನಾಚಿಕೆಯಿಂದ ನೆಲ ನೋಡುತ್ತ ನಿಂತ.

ಖುಷಿಯಾದವಳು ಕಾಳವ್ವನೊಬ್ಬಳೇ. "ಅಷ್ಟೂ ಮಂದಿ ನನ್ನ ಸಲವಾಗಿ ಬಂದಿದ್ರಂತ?" ಎಂದು ಬೊಚ್ಚುಬಾಯಿ ತೆರೆದು ನಕ್ಕಳು. ಮನೆಗೆ ಹೋಗಿ ರೊಟ್ಟಿ ಉಂಡು ಮಲಗಿದಳು. ನಾಲ್ಕು ಗಂಟೆಗೆ ಗಂಗಾರಾಮ ಹೋಗಿ ಎಬ್ಬಿಸಿದಾಗ ಏಳಲಿಲ್ಲ.

ಅವನು ಅಳುತ್ತ ಮತ್ತೆ ಏಣಿ ಹತ್ತಿದ. ಚರ್ಚಿನ ಬಾಗಿಲು ತೆರೆದಿತ್ತು, ಗಂಟೆಯೂ ಮೊಳಗಿತು. ಮಾತಿನಲ್ಲಿ ಅರ್ಧ ಉಳಿಸಿಕೊಂಡಂತಾಯಿತು. ರೆಟ್ಟೆ ಸೋಲುವ ತನಕ ಬಾರಿಸಿ ಕೆಳಗೆ ನೋಡಿದರೆ ಸಭೆಯ ಐದೇ ಜನ ನಿಂತಿದ್ದರು. ಅವರಲ್ಲಿ ಹೆಣಕ್ಕೆ ಹೆಗಲು ಕೊಡುವ ಶಕ್ತಿಯಿದ್ದವರು ಇಬ್ಬರು.

ಗಂಗಾರಾಮ ಬಸ್ ಸ್ಟ್ಯಾಂಡಿನ ಚಹಾದಂಗಡಿಗೆ ಓಡಿದ. ಊರಿನ ಗಂಡಸರೆಲ್ಲ ಅಲ್ಲೇ ಇದ್ದರು.

"ತವನಪ್ಪಾರ, ಕಾಳವ್ವ ಹೋದಳ್ರಿ. ಖರೇನ ಹೋದಳು. ನಾಕ ಮಂದಿ ಬರ್ರಿ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಜೀಪು ಎಲ್ಲಿದೆಯೆಂದು ರಸ್ತೆಯ ಕಡೆ ನೋಡಿದರು. ತವನಪ್ಪ ಬಸಿಯಲ್ಲಿದ್ದ ಚಹಾ ಊದಿ ಕುಡಿದು, ಕುಳಿತಲ್ಲಿಂದಲೇ ಕೇಳಿದ:

"ಈ ಸಲ ಎಷ್ಟ ಮಂದಿ ಬೇಕಾಗ್ಯಾರ್ರಿ, ಸಾಹೇಬ್ರಿಗೆ?"